ಬಿಚ್ಚದ ನಡುವಿನ ಬರ್ತು

ಮದುವೆಯಾಗಿ ಇಪ್ಪತ್ತೆರಡು ವರ್ಷದ ತನಕ ನಮ್ಮವರು ಕೂತು ಚಹಾ ಕುಡಿದದ್ದನ್ನು ನಾನು ನೋಡಿರಲಿಲ್ಲ. ಒಂದು ಕೈಯಲ್ಲಿ ಬಸಿ, ಇನ್ನೊಂದು ಕೈಯಲ್ಲಿ ಕಪ್ಪು ಹಿಡಿದು, ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ನಳಕ್ಕೆ ತಿರುಗುತ್ತಲೇ ಕುಡಿಯುತ್ತಿದ್ದರು. ಊಟಕ್ಕೆ ಕೂತರೂ ನಡುವೆ ಎರಡು ಸಲ ಏಳುತ್ತಿದ್ದರು. ಒಮ್ಮೆ ಕಿಟಕಿ ಸದ್ದು ಮಾಡಿತೆಂದು, ಒಮ್ಮೆ ಸೈಕಲ್ಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು. ವಾರದ ರಜೆಯ ದಿನ ದಾಂಡೇಲಿಯಿಂದ ಕೋಗಿಲಬನಕ್ಕೆ ನಡೆದು ಹೋಗಿ, ಹೊಳೆಯನ್ನು ಒಮ್ಮೆ ನೋಡಿ, ಹಾಗೇ ತಿರುಗಿ ಬರುತ್ತಿದ್ದರು. ಅಲ್ಲಿ ಏನು ಕೆಲಸವಿತ್ತು ಎಂದು ಕೇಳಿದರೆ, "ಕೆಲಸೇನೂ ಇಲ್ಲ, ಕಾಲು ಕೇಳಲಿಲ್ಲ" ಎನ್ನುತ್ತಿದ್ದರು.

ಹೆಸರು ಮಲ್ಲೇಶಪ್ಪ. ಧಾರವಾಡದ ಕಡೆಯ ಹಳ್ಳಿಯಿಂದ ಕಾಗದದ ಮಿಲ್ಲಿನ ಕೆಲಸಕ್ಕೆ ಬಂದವರು. ನಾನು ಮುಂಡಗೋಡ ತಾಲೂಕಿನ ಸನವಳ್ಳಿಯವಳು. ಮಿಲ್ಲಿನಲ್ಲಿ ಅವರದು ಕಾಗದ ಮಾಡುವ ಮಶೀನಿನ ಸುತ್ತ ಎಂಟು ತಾಸು ಅಡ್ಡಾಡುವ ಕೆಲಸ. ಅವರಿಗೆ ಕಣ್ಣಿಗಿಂತ ಕಿವಿ ಹೆಚ್ಚು. ಯಾವ ಬೇರಿಂಗು ಕೆಡಲಿಕ್ಕಿದೆ ಎಂಬುದು ಸದ್ದಿನಲ್ಲೇ ತಿಳಿಯುತ್ತಿತ್ತಂತೆ. ನನ್ನ ಎದೆಯೊಳಗಿನ ಕವಾಟ ಕೆಟ್ಟದ್ದನ್ನು ಮಾತ್ರ ಧಾರವಾಡದ ಡಾಕ್ಟರು ಕೊಳವೆ ಇಟ್ಟು ಕೇಳಿ ಹೇಳಬೇಕಾಯಿತು. ತಿರುಗಿ ಬರುವಾಗ ಬಸ್ಸು ಹಳಿಯಾಳ ದಾಟುವ ತನಕ ಅವರು ಅದನ್ನೇ ಹೇಳಿಕೊಂಡರು. "ಇಷ್ಟ ದಿನಾ ಬಾಜೂಕ ಮಲಗೇನಿ. ನನಗ ಕೇಳ್ಲಿಲ್ಲಲ್ಲ ನೀಲಾ."

ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಕವಾಟ ಬದಲಿಸಬೇಕು ಎಂದರು. ಆಗ ನನಗೆ ನಾಲ್ಕು ಹೆಜ್ಜೆಗೆ ದಮ್ಮು ಹತ್ತುತ್ತಿತ್ತು. ಅಂಗಾತ ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುತ್ತಿದ್ದೆ. ಬಸ್ಸಿನ ಕುಲುಕಾಟ ಆಗುವುದಿಲ್ಲವೆಂದು ಅಳ್ನಾವರದಿಂದ ರೈಲಿಗೆ ಹೋಗುವುದೆಂದಾಯಿತು. ಒಂದು ರಾತ್ರಿಯ ದಾರಿ.

ರೈಲಿನಲ್ಲಿ ಕೆಳಗಿನ ಬರ್ತು ಸುಖ ಎಂದು ಎಲ್ಲರೂ ಹೇಳುತ್ತಾರೆ. ನಡುವಿನ ಬರ್ತನ್ನು ಬಿಚ್ಚಿ ಸರಪಳಿಗೆ ಸಿಕ್ಕಿಸುವ ತನಕ ಆ ಮಾತು ನಿಜ. ಅದನ್ನು ಬಿಚ್ಚಿದರೆ ಕೆಳಗಿನವರು ಬೆನ್ನು ನೆಟ್ಟಗೆ ಮಾಡಿ ಕೂರುವಂತಿಲ್ಲ, ಮಲಗಲೇಬೇಕು. ಮೊದಲ ಸಲ ನಡುವಿನ ಬರ್ತು ಬೇರೆ ಯಾರದೋ ಆಗಿತ್ತು. ಅವರದೇನೂ ತಪ್ಪಿಲ್ಲ, ಮಲಗುವ ಹೊತ್ತಿಗೆ ಬಿಚ್ಚಿ ಮಲಗಿದರು. ನಾನು ಬಾಗಿಲ ಹತ್ತಿರ ಚೀಲದ ಮೇಲೆ ಕೂತು ಬೆಳಗು ಮಾಡಿದೆ. ಆಸ್ಪತ್ರೆಯಲ್ಲಿ ನೋಡಿದರೆ ನಿದ್ದೆಗೆಟ್ಟದ್ದಕ್ಕೆ ಬಿಪಿ ಎಲ್ಲಿಗೋ ಏರಿತ್ತು. ಇಂಥ ಬಿಪಿಯಲ್ಲಿ ಆಪರೇಶನ್ ಮಾಡಲು ಬರುವುದಿಲ್ಲ, ಗುಳಿಗೆ ನುಂಗಿ ಮುಂದಿನ ತಿಂಗಳು ಬನ್ನಿ ಎಂದು ಕಳಿಸಿದರು. ನನಗೆಂದು ತೆಗೆದಿಟ್ಟ ಹಾಸಿಗೆಯನ್ನು ನಮ್ಮ ಎದುರಿಗೇ ಇನ್ನೊಬ್ಬರಿಗೆ ಕೊಟ್ಟರು.

ಎರಡನೆಯ ಸಲ ನಮ್ಮವರು ಮಶೀನು ರಿಪೇರಿಗೆ ಹೊರಟವರಂತೆ ಹೊರಟರು. ನಡುವಿನ ಬರ್ತನ್ನು ತಮ್ಮ ಹೆಸರಿಗೇ ತೆಗೆಸಿದರು, ಬಿಚ್ಚದೆ ಇಡಲಿಕ್ಕೆಂದು. ಮಿಲ್ಲಿನ ಮಶೀನಿನಲ್ಲಿ ಹಸಿ ಕಾಗದ ಹರಿಯುವ ದಪ್ಪ ಉಣ್ಣೆಯ ಬಟ್ಟೆ ಇರುತ್ತದೆ, ಅದಕ್ಕೆ ಫೆಲ್ಟು ಎನ್ನುತ್ತಾರೆ. ಸವೆದ ಫೆಲ್ಟಿನ ತುಂಡು ದಾಂಡೇಲಿಯಲ್ಲಿ ಬಹಳ ಮನೆಗಳಲ್ಲಿ ಹಾಸಿಗೆಯಾಗಿದೆ. ನಮ್ಮ ಮನೆಯದನ್ನು ಮಡಿಕೆಯ ಮೇಲೆ ಮಡಿಕೆ ಹಾಕಿ, ಸೊಂಟದಿಂದ ತಲೆಯ ತನಕ ಏರುತ್ತ ಹೋಗುವ ಇಳಿಜಾರು ಮಾಡಿದರು. ಅದಕ್ಕೆ ಒರಗಿದರೆ ಮಲಗಿದ ಹಾಗೂ ಇತ್ತು, ಕೂತ ಹಾಗೂ ಇತ್ತು. ಗಾಳಿ ಎದೆಗೆ ಬಡಿಯಬಾರದೆಂದು ಕಿಟಕಿಯ ಕಡೆ ಕಾಲು ಮಾಡಿಸಿದರು. ಹುಬ್ಬಳ್ಳಿ ಬರುವುದರೊಳಗೆ ಉಪ್ಪಿಲ್ಲದ ಊಟ ಮುಗಿಸಬೇಕು, ಆಮೇಲೆ ಎರಡು ಗುಟುಕಿಗಿಂತ ಹೆಚ್ಚು ನೀರಿಲ್ಲ.

ಕಿಟಕಿಯ ಶಟರು ಕಟಕಟ ಎನ್ನುತ್ತಿತ್ತು. ಜೇಬಿನಿಂದ ರಟ್ಟಿನ ಚೂರುಗಳನ್ನು ತೆಗೆದು, ಬೆರಳಲ್ಲಿ ದಪ್ಪ ನೋಡಿ, ಒಂದನ್ನು ಆರಿಸಿ ಸಂದಿಗೆ ತುರುಕಿದರು. ಸದ್ದು ನಿಂತಿತು. ಸರಪಳಿಗೆ ಕರವಸ್ತ್ರ ಸುತ್ತಿದರು. ಎದುರಿನ ಬರ್ತಿನ ಅಜ್ಜಿ, ಗದಗಿನ ಕಡೆಯವರು, ಕೆನ್ನೆಗೆ ಕೈ ಹಚ್ಚಿಕೊಂಡು ಇದನ್ನೆಲ್ಲ ನೋಡುತ್ತಿದ್ದರು. ಅವರಿಗೆ ಇವರು ತಿಳಿಸಿ ಹೇಳಿದರು: "ಒಂದ ಸವನ ಓಡೂ ಸಪ್ಪಳಕ್ಕ ನಿದ್ದಿ ಬರ್ತೈತ್ರಿ ಯವ್ವಾ. ಕಟಕಟ ಅನ್ನೂದ ಕೇಡು."

ಎಲ್ಲ ಸರಿಯಾಗಿತ್ತು. ಸರಿಯಿಲ್ಲದ್ದು ಅವರೊಬ್ಬರೇ. ನನಗೆ ನಿದ್ದೆ ಬರಲೇಬೇಕಿತ್ತಲ್ಲ, ಬಂತೋ ಇಲ್ಲವೋ ನೋಡದೆ ಅವರಿಂದ ಇರಲಾಗಲಿಲ್ಲ. ಬಾಗಿಲ ತನಕ ಹೋಗುವರು, ಬಂದು ಬಗ್ಗಿ ನನ್ನ ಮುಖ ನೋಡುವರು. ಹೊದಿಕೆ ಎಳೆಯುವರು, ರಟ್ಟು ಮುಟ್ಟಿ ನೋಡುವರು. ಕಣ್ಣು ಹತ್ತಿತು ಅನ್ನುವಾಗ ಕಿವಿಯ ಹತ್ತಿರ, "ನೀಲಾ, ನಿದ್ದಿ ಹತ್ತಿತೇನು?" ಮೂರನೆಯ ಸಲ ಕೇಳಿದಾಗ ಅಜ್ಜಿಯೇ ಎದ್ದು ಕೂತರು.

"ಹತ್ತಿತ್ತೋ ತಮ್ಮಾ, ಆಕಿಗೂ ಹತ್ತಿತ್ತು, ನನಗೂ ಹತ್ತಿತ್ತು. ನೀ ಬಂದು ಕೆಡಿಸಿದಿ."

ಬೆಳಿಗ್ಗೆ ಬಿಪಿ ಮತ್ತೆ ಏರಿತ್ತು. ಇನ್ನೊಮ್ಮೆ ಹೀಗಾದರೆ ಹೆಸರು ಪಟ್ಟಿಯ ತಳಕ್ಕೆ ಹೋಗುತ್ತದೆ, ಅಷ್ಟು ದಿನ ಈ ಕವಾಟ ತಡೆಯುತ್ತದೆಂದು ಹೇಳಲಾರೆ ಎಂದು ಡಾಕ್ಟರು ಅವರನ್ನು ಬೇರೆ ಕರೆದು ಹೇಳಿದ್ದು ನನಗೆ ಕೇಳಿಸಿತು.

ಮನೆಗೆ ಬಂದ ಮೇಲೆ ನಾನು ತಡೆಯಲಾರದೆ ಅಂದೆ: "ಹಾಸಿಗಿ ಛಲೋ ಇತ್ರಿ. ಸಪ್ಪಳಾನೂ ಇರ್ಲಿಲ್ಲ. ನೀವೊಬ್ರು ಸುಮ್ಮ ಕೂತಿದ್ರ ನಾ ಮಲಗತಿದ್ದೆ." ಅಷ್ಟು ಹೇಳುವುದರೊಳಗೆ ಎರಡು ಸಲ ದಮ್ಮು ಹತ್ತಿ ನಿಲ್ಲಿಸಬೇಕಾಯಿತು. ಅವರು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು.

ಮರುದಿನ ಸಂಜೆಯಿಂದ ಒಂದು ಹೊಸ ಸಂಗತಿ ಶುರುವಾಯಿತು. ಡ್ಯೂಟಿಯಿಂದ ಬಂದು, ಮುಖ ತೊಳೆದು, ವಿಭೂತಿ ಹಚ್ಚಿಕೊಂಡು, ಮೊಣಕಾಲ ಮೇಲೆ ಕೈ ಇಟ್ಟು ಹೊರಸಿನ ತುದಿಗೆ ಕೂರುತ್ತಿದ್ದರು. ಕೂರುವುದಷ್ಟೇ. ಎದುರಿಗೆ ಗಡಿಯಾರ. ಮೊದಲ ದಿನ ಒಂಬತ್ತು ನಿಮಿಷಕ್ಕೆ ಎದ್ದುಬಿಟ್ಟರು. ಎದ್ದವರೇ ನಾಚಿಕೊಂಡು, "ಮಶೀನ್ ಬಂದ್ ಮಾಡೂದು ಇಷ್ಟ ತ್ರಾಸ ಇರೂದಿಲ್ಲ" ಎಂದರು. ಪಕ್ಕದ ಮನೆಯವರು, ಮಲ್ಲೇಶಣ್ಣ ಶಿವಯೋಗಕ್ಕೆ ಕೂತಿದ್ದಾನೆ, ಇನ್ನು ಮಠ ಕಟ್ಟಿಸುವುದೊಂದೇ ಬಾಕಿ ಎಂದು ಚೇಷ್ಟೆ ಮಾಡಿದರು. ಅವರು ನಗಲೂ ಇಲ್ಲ, ಏಳಲೂ ಇಲ್ಲ. ತಿಂಗಳು ತುಂಬುವುದರೊಳಗೆ ಎರಡು ತಾಸು ಕೂರುವಷ್ಟಾದರು. ಅಲ್ಲಾಡದೆ ಕೂತ ಅವರನ್ನು ನೋಡಿದರೆ ನನಗೇ ಹೆದರಿಕೆಯಾಗುತ್ತಿತ್ತು, ಬೇರೆ ಯಾರೋ ಮನೆಗೆ ಬಂದು ಕೂತ ಹಾಗೆ.

ಮೂರನೆಯ ಸಲ ಧಾರವಾಡದಲ್ಲಿ ಕಿಟಕಿಯಿಂದ ಚಹಾ ತೆಗೆದುಕೊಂಡು ಕೂತೇ ಕುಡಿದರು. ನಾನು ಗಿಡ್ಡ. ಬರ್ತಿನಲ್ಲಿ ನನ್ನ ಕಾಲಿನಾಚೆ ಒಬ್ಬರು ಕೂರುವಷ್ಟು ಜಾಗ ಉಳಿಯುತ್ತಿತ್ತು. ಅಲ್ಲಿ ಕಿಟಕಿಗೆ ಆನಿಸಿ ಕೂತರು. ನನ್ನ ಪಾದ ಅವರ ತೊಡೆಗೆ ತಾಗುತ್ತಿತ್ತು. ಅವರು ಅಲ್ಲಾಡಿದರೆ ನನಗೆ ಗೊತ್ತಾಗಬೇಕಿತ್ತು. ಹಾವೇರಿ ಬಂದದ್ದು ನನಗೆ ಗೊತ್ತಿಲ್ಲ. ದಾವಣಗೆರೆ ಗೊತ್ತಿಲ್ಲ. ತುಮಕೂರಿನಲ್ಲಿ ಎಚ್ಚರಾದಾಗ ಅದೇ ಜಾಗದಲ್ಲಿ ಅದೇ ಹಾಗೆ ಕೂತಿದ್ದರು, ಕಣ್ಣು ಮಾತ್ರ ಕೆಂಪಗಾಗಿದ್ದವು. ಆಸ್ಪತ್ರೆಯಲ್ಲಿ ನರ್ಸು ನಂಬದೆ ಎರಡು ಸಲ ಬಿಪಿ ನೋಡಿದರು. ಮರುದಿನ ಆಪರೇಶನ್ ಆಯಿತು.

ಆಮೇಲೆ ನಾನು ಅಂಗಾತ ಮಲಗಬಲ್ಲವಳಾದೆ. ಆರು ತಿಂಗಳಿಗೊಮ್ಮೆ ತಪಾಸಣೆಗೆ ಅದೇ ರೈಲು. ಈಗ ನಡುವಿನ ಬರ್ತು ಬಿಚ್ಚಿ ಮಲಗಿರಿ ಎಂದು ಪ್ರತಿ ಸಲ ಹೇಳುತ್ತಿದ್ದೆ. ಅವರು ಒಪ್ಪಲಿಲ್ಲ. "ನನಗ ಊರಾಗ ಕೂಡಾಕ ಬರೂದಿಲ್ಲ. ಇಲ್ಲೊಂದ ಕಡೆ ಬರ್ತೈತಿ, ಇದನ್ನೂ ಬಿಡಸ್ತಿಯೇನು?" ಎನ್ನುತ್ತಿದ್ದರು. ಊರಿನಲ್ಲಿ ಅವರು ಮತ್ತೆ ಮೊದಲಿನಂತೇ ಆಗಿದ್ದರು, ಬಾಗಿಲಿಗೂ ನಳಕ್ಕೂ ಅಡ್ಡಾಡಿಕೊಂಡು. ರೈಲು ಹತ್ತಿದರೆ ಮಾತ್ರ ನನ್ನ ಕಾಲಿನ ಹತ್ತಿರ ಕಲ್ಲಿನಂತೆ ಕೂರುತ್ತಿದ್ದರು. ನಾನು ಐದು ನಿಮಿಷಕ್ಕೆ ನಿದ್ದೆ ಹೋಗುತ್ತಿದ್ದೆ. ಅವರು ಅಲ್ಲಾಡದೆ ಇದ್ದಾರೆ ಎಂದರೆ ಎಲ್ಲ ಸರಿ ಇದೆ ಎಂದು ನನ್ನ ಮೈಗೆ ರೂಢಿಯಾಗಿಬಿಟ್ಟಿತ್ತು.

ಹೋದ ಚಳಿಗಾಲದಲ್ಲಿ ಬೆಂಗಳೂರಿನಿಂದ ತಿರುಗಿ ಬರುತ್ತಿದ್ದೆವು. ಹುಬ್ಬಳ್ಳಿ ದಾಟಿದ ಮೇಲೆ ನನಗೆ ಎಚ್ಚರವಾಯಿತು. ಅವರು ಕಿಟಕಿಯ ಸರಳು ಹಿಡಿದು ನೆಟ್ಟಗೆ ಕೂತಿದ್ದರು. ಸುಮ್ಮನೆ ಕೂತಿದ್ದಾರೆ ಎಂದುಕೊಂಡು ನಾನು ಇನ್ನೊಂದು ಮಗ್ಗುಲಾದೆ. ಹೌದು, ನೋಡಿಯೂ ಮಗ್ಗುಲಾದೆ. ಎದುರಿನ ಬರ್ತಿನಲ್ಲಿ ಶಾಲೆಯ ಟೀಚರೊಬ್ಬರು ಇದ್ದರು. ಅವರು ಬಂದು ನನ್ನ ಭುಜ ಮುಟ್ಟಿದರು.

"ಅಕ್ಕಾರ, ಏಳ್ರಿ. ನಿಮ್ಮ ಯಜಮಾನ್ರು ಹಾವೇರಿಯಿಂದ ಹಿಂಗ ಕೂತಾರ. ನಾ ಎಬ್ಬಸ್ತೇನಂದ್ರ ಕೈ ಮುಗದ್ರು. 'ಆಕಿ ಮಲಗಿರ್ಲಿ, ಎಬ್ಬಸಬ್ಯಾಡ್ರಿ' ಅಂತಾರ."

ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಸರಳಿನಿಂದ ಬೆರಳು ಬಿಡಿಸುವುದು ಕಷ್ಟವಾಯಿತು. ಧಾರವಾಡದಲ್ಲಿ ನಾಲ್ಕು ಜನ ಹಿಡಿದು ಇಳಿಸಿದರು. ಎದೆಯ ರಕ್ತನಾಳ ಕಟ್ಟಿದೆ ಎಂದರು ಡಾಕ್ಟರು. ಎರಡು ತಾಸು ಮೊದಲು ಬಂದಿದ್ದರೆ ಎಂದು ಶುರು ಮಾಡಿ, ನನ್ನ ಮುಖ ನೋಡಿ ಅರ್ಧಕ್ಕೆ ನಿಲ್ಲಿಸಿದರು. ಆ ಅರ್ಧ ಮಾತು ನನ್ನನ್ನು ಈಗಲೂ ಒಂದು ಕಡೆ ಕೂರಲು ಬಿಡುವುದಿಲ್ಲ.

ಮೂರನೆಯ ದಿನ ಬೆಳಿಗ್ಗೆ ಹೋದರು. ಹಿಂದಿನ ಸಂಜೆ ನನ್ನನ್ನು ಹತ್ತು ನಿಮಿಷ ಐಸಿಯು ಒಳಗೆ ಬಿಟ್ಟಿದ್ದರು. ಮೂಗಿಗೆ ನಳಿಗೆ, ಬೆರಳಿಗೆ ಕ್ಲಿಪ್ಪು. ಏನೂ ಕೇಳಬಾರದು ಎಂದುಕೊಂಡು ಹೋದವಳು ಅದನ್ನೇ ಕೇಳಿದೆ. ಯಾಕ ಎಬ್ಬಿಸಲಿಲ್ಲ?

"ಎಬ್ಬಿಸಿದ್ರ ನಿನ್ನ ಬಿಪಿ ಏರತಿತ್ತು" ಎಂದರು. ತುಟಿಯ ಒಂದು ಬದಿಗೆ ನಗೆ.

ನನಗೆ ಸಿಟ್ಟು ತಡೆಯಲಾಗಲಿಲ್ಲ. ಅಷ್ಟು ವರ್ಷದಲ್ಲಿ ಆಡದ ಮಾತೆಲ್ಲ ಆ ಮಂಚದ ಪಕ್ಕ ನಿಂತು ಆಡಿದೆ. ನಿಮಗೆ ಬುದ್ಧಿ ಇಲ್ಲ, ನನ್ನನ್ನು ಏನಂತ ತಿಳಿದಿದ್ದೀರಿ, ನನಗೆ ಕವಾಟ ಹಾಕಿಸಿದ್ದು ಮಲಗಲಿಕ್ಕೇನು, ನಿಮಗೆ ಬೇಕಾದಾಗ ಏಳಲಿಕ್ಕಲ್ಲವೇನು ಎಂದು ಒಂದೇ ಸಮನೆ ಅಂದೆ. ನರ್ಸು ಬಂದು ಸುಮ್ಮನಿರಿ ಎಂದರು. ಅವರು ಬೆರಳೆತ್ತಿ ನರ್ಸನ್ನೇ ತಡೆದರು. ಕಿವಿಗೊಟ್ಟು ಏನನ್ನೋ ಕೇಳುತ್ತಿದ್ದವರಂತೆ ಕಣ್ಣು ಮುಚ್ಚಿದ್ದರು.

"ಬೈಲಿ ಬಿಡ್ರಿ" ಎಂದರು. ಆಮೇಲೆ ನನಗೆ, "ಬೈಯಿ ನೀಲಾ, ಇನ್ನೊಂದೀಟು ಬೈಯಿ. ಇಷ್ಟ ಬೈದ್ರೂ ನಿನಗ ದಮ್ಮು ಹತ್ತವಲ್ದು ನೋಡು."