ಪಥ್ಯ ಬಿಡಿಸಿದ ಬೆಳಿಗ್ಗೆ

ಬಳ್ಳಾರಿಯ ನಮ್ಮ ತರಬೇತಿ ಕೋಣೆಗೆ ಚಹಾದ ಹೊತ್ತಿಗೆ ಬಿಸಿ ಮಿರ್ಚಿ ಬಜ್ಜಿ ಬರುತ್ತದೆ. ಆ ವಾಸನೆಗೆ ನಿಮ್ಮ ಬಾಯಲ್ಲಿ ನೀರೂರಬಹುದು. ನನಗೆ ಹಚ್ಚೊಳ್ಳಿಯ ರುದ್ರಪ್ಪ ತಾತ ನೆನಪಾಗುತ್ತಾನೆ. ತಟ್ಟೆಯನ್ನು ಮುಂದಕ್ಕೆ ದಾಟಿಸಿಬಿಡುತ್ತೇನೆ. ಮೇಡಂಗೆ ಗ್ಯಾಸ್ ಎಂದು ಹುಡುಗಿಯರು ತಮ್ಮಲ್ಲೇ ತೀರ್ಮಾನಿಸಿದ್ದಾರೆ.

ಸಾಯುವವರ ಮಂಚದ ಪಕ್ಕ ಹೇಗೆ ಮಾತಾಡಬೇಕೆಂದು ನರ್ಸ್‌ಗಳಿಗೆ ಕಲಿಸುವುದು ಈಗ ನನ್ನ ಕೆಲಸ. ನನಗೇ ಅದು ಬರುತ್ತಿರಲಿಲ್ಲ.

ಆಗ ನಾನು ಸಿರುಗುಪ್ಪದ ಆಸ್ಪತ್ರೆಯೊಂದರಲ್ಲಿ ಹೊಸ ನರ್ಸ್. ಹೊಟ್ಟೆಯಲ್ಲಿ ಗಡ್ಡೆಯಾಗಿದ್ದ ತಾತ ದಿನಾ ಮಿರ್ಚಿ ಕೇಳುವುದು, ನಾನು ದಿನಾ ಗದರುವುದು. ಒಂದು ಬೆಳಿಗ್ಗೆ ಡಾಕ್ಟರು ಇನ್ನೇನೂ ಮಾಡುವಂತಿಲ್ಲ ಎಂದರು. ಮಗ ನನಗೆ ಕೈ ಮುಗಿದ.

"ಅಪ್ಪಗ ಹೇಳಬ್ಯಾಡ್ರಿ ಸಿಸ್ಟರ್."

ನಾನು ನಗುನಗುತ್ತಾ ಹೋಗಿ, "ತಾತ, ಇವತ್ತು ಮಿರ್ಚಿ ತರಿಸ್ಕೊಂಡು ತಿನ್ರಿ" ಎಂದೆ. ನಮ್ಮ ಕಡೆ ಪಥ್ಯ ಬಿಡಿಸಿದರೆ ಡಾಕ್ಟರು ಆಸೆ ಬಿಟ್ಟರೆಂದೇ ಅರ್ಥ, ಯಾರಿಗೂ ವಿವರಿಸಬೇಕಿಲ್ಲ.

ತಾತ ನನ್ನ ಮುಖವನ್ನೇ ನೋಡಿದ. "ನಿನ್ನಿ ಮಟ ಬೈತಿದ್ದಿ. ಇವತ್ಯಾಕವ್ವ?"

"ಸುಮ್ನ ತಿನ್ರಿ, ನೀರು ತರ್ತೀನಿ" ಎಂದು ಹೊರಬಿದ್ದೆ. "ಕುರುಗೋಡಾಗ ನಮ್ಮಕ್ಕ ಅದಾಳ..." ಎಂದದ್ದು ಬೆನ್ನ ಹಿಂದೆ ಕೇಳಿಸಿತು. ನೀರನ್ನು ಆಯಾ ಕೈಲಿ ಕಳಿಸಿದೆ. ಡ್ಯೂಟಿ ಮುಗಿಯುವವರೆಗೂ ಆ ಕಡೆ ಸುಳಿಯಲಿಲ್ಲ. ಎಂಥ ಹೇಡಿ ನಾನು! ಮರುದಿನ ಹೋದರೆ ಮಂಚ ಖಾಲಿಯಾಗಿತ್ತು.

ಮೂರು ದಿನದ ಮೇಲೆ ಆ ಅಕ್ಕ ಬಂದಳು. ತಮ್ಮನ ಜೊತೆ ಮಾತು ಬಿಟ್ಟು ಬಹಳ ವರ್ಷವಾಗಿತ್ತಂತೆ.

"ನನ್ನ ಹೆಸರು ತಗದಿದ್ನೇನವ್ವ?"

"ತಗದಿದ್ರು ಅಮ್ಮ."

"ಮತ್ತ ನನ್ನ ಕರಸಬಾರದಿತ್ತೇನವ್ವ?" ಬೈಯಲಿಲ್ಲ, ಕೇಳಿದಳು ಅಷ್ಟೆ.

ಈಗ ತರಬೇತಿಯಲ್ಲಿ ರೋಗಿಯ ಪಾತ್ರ ಯಾವಾಗಲೂ ನನ್ನದೇ. ಹೆಗಲಿಗೆ ಟವೆಲ್ ಹಾಕಿ, ನಾಟಕದವರೂ ಮೆಚ್ಚುವಂತೆ ಕೆಮ್ಮಿ, "ಇವತ್ಯಾಕವ್ವ?" ಎನ್ನುತ್ತೇನೆ. ಹುಡುಗಿಯರು ನೀರು ತರಲೋ ಪಕ್ಕದ ಡ್ರಿಪ್ ನೋಡಲೋ ಹೊರಟುಬಿಡುತ್ತಾರೆ. ಮೊನ್ನೆ ಬಾದನಹಟ್ಟಿಯ ಹುಡುಗಿಯೊಬ್ಬಳು ಹೊರಡಲಿಲ್ಲ. ಸ್ಟೂಲ್ ಎಳೆದು ಕೂತಳು. ನನ್ನ ಕೈ ಹಿಡಿದಳು.

"ಇನ್ನ ಔಷಧ ಹತ್ತಂಗಿಲ್ಲ ತಾತ. ನಾ ಇಲ್ಲೇ ಅದೀನಿ. ಯಾರನ್ನರ ಕರಸ್ಲೇನು?"

ಮುಂದಿನ ಮಾತು ನಾನು ಪಾತ್ರಕ್ಕೆಂದು ಬರೆದಿಟ್ಟ ಕಾಗದದಲ್ಲಿರಲಿಲ್ಲ. ಇಷ್ಟು ವರ್ಷದಲ್ಲಿ ಯಾರೂ ಅಲ್ಲಿಯವರೆಗೆ ಬಂದೇ ಇರಲಿಲ್ಲ.

"ನಮ್ಮಕ್ಕನ್ನ ಕರಸವ್ವ" ಎಂದೆ. ಟವೆಲಿನಿಂದ ಕಣ್ಣೊರೆಸಿಕೊಂಡೆ. ಮೇಡಂ ಎಷ್ಟು ಚೆನ್ನಾಗಿ ಪಾತ್ರ ಮಾಡಿದರೆಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳೊಬ್ಬಳು ತಟ್ಟಲಿಲ್ಲ, ನನ್ನ ಕೈ ಬಿಟ್ಟಿರಲಿಲ್ಲ.

ಅಷ್ಟರಲ್ಲಿ ಚಹಾ ಬಂತು. ಮಿರ್ಚಿಯ ತಟ್ಟೆ ನನ್ನೆದುರಿಗೆ ಬಂದಾಗ ಒಂದನ್ನು ತೆಗೆದುಕೊಂಡೆ.