ನಾಲಿಗೆಯ ಮೇಲಿನ ಕೆರೆ

ನನ್ನ ಸೋದರಮಾವನನ್ನು ಊರೆಲ್ಲ ಬಾಯಣ್ಣ ಎಂದು ಕರೆಯುತ್ತಿತ್ತು. ಹಾಗೆಂದು ಅವನು ಬಾಯಿಬಡುಕನಲ್ಲ. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು, ಅದರಲ್ಲಿ ಆರು ಬೆಕ್ಕಿನ ಜೊತೆ. ಬಾಯಿ ಎಂದರೆ ಊರಿನ ಉಪ್ಪುನೀರಿನ ಕೆರೆಯ ಬಾಯಿ. ಕೆರೆಗೂ ಸಮುದ್ರಕ್ಕೂ ನಡುವೆ ಒಂದು ಮರಳಿನ ದಿಬ್ಬ ಇತ್ತು. ವರ್ಷಕ್ಕೊಮ್ಮೆ, ಮಳೆಗೆ ಕೆರೆ ತುಂಬಿದ ಮೇಲೆ, ಅದನ್ನು ಕಡಿದು ನೀರನ್ನು ಸಮುದ್ರಕ್ಕೆ ಬಿಡಬೇಕು. ಆ ಹರಿವಿನಲ್ಲಿ ಹೊರಟ ಸಿಗಡಿಗೆ ಬಲೆ ಒಡ್ಡಿಯೇ ಅಲ್ಲಿನ ಮೂವತ್ತು ಮನೆಗಳು ಬದುಕುತ್ತಿದ್ದದ್ದು. ಯಾವತ್ತು ಕಡಿಯಬೇಕೆಂದು ಹೇಳುವವನು ಮಾವ.

ಅವನು ಅದನ್ನು ಹೇಳುತ್ತಿದ್ದದ್ದು ನಾಲಿಗೆಯಿಂದ. ದೋಣಿಯಲ್ಲಿ ಹೋಗಿ ಜೊಂಡಿನ ಹತ್ತಿರ, ನಡುಕೆರೆಯ ಬಂಡೆಯ ಹತ್ತಿರ, ಕೊನೆಗೆ ದಿಬ್ಬದ ಬುಡದಲ್ಲಿ, ಹೀಗೆ ಮೂರು ಕಡೆ ನೀರು ಬಾಯಿಗೆ ಹಾಕಿ, ಕಣ್ಣು ಮುಚ್ಚಿ, ಉಗಿಯುತ್ತಿದ್ದ. ಮಳೆನೀರು ಸೇರಿ ಮೂರೂ ಕಡೆ ಸಪ್ಪೆಯಾಯಿತೆಂದರೆ ಸಿಗಡಿ ಬಲಿತಿದೆ ಎಂದರ್ಥ. ಅದಕ್ಕೆ ಮೊದಲೇ ಕಡಿದರೆ ಮರಿಗಳೆಲ್ಲ ಬಲೆಯ ಕಣ್ಣಲ್ಲಿ ನುಸುಳಿ ಸಮುದ್ರದ ಪಾಲು. ಬಲೆಗಳು ಮುಂದಿನ ಮಳೆಯವರೆಗೆ ಗೋಡೆಗೆ ಅಲಂಕಾರ.

ನಮ್ಮ ಕಾನ್ವೆಂಟಿನಲ್ಲಿ ಸಿಸ್ಟರು ನೀರಿಗೆ ಬಣ್ಣ, ವಾಸನೆ, ರುಚಿ ಮೂರೂ ಇಲ್ಲವೆಂದು ಬಾಯಿಪಾಠ ಮಾಡಿಸಿದ್ದರು. ರಜೆಯಲ್ಲಿ ಅದನ್ನು ಮಾವನಿಗೆ ಒಪ್ಪಿಸಿದೆ.

"ಪಾಪ, ಅವರು ನಲ್ಲಿ ನೀರು ಕುಡಿದು ಬೆಳೆದಿರಬೇಕು" ಎಂದ.

ಉಳಿದ ತಿಂಗಳುಗಳಲ್ಲಿ ಅವನಿಗೆ ಬೇರೆ ಕೆಲಸ. ಬೆಳಿಗ್ಗೆ ಸಮುದ್ರದ ದಂಡೆಯಲ್ಲಿ ಹಿಮ್ಮಡಿಯಿಂದ ಒದ್ದೆ ಮರಳನ್ನು ಒತ್ತುತ್ತ ಹೋಗಿ, ಗುಳ್ಳೆ ಎದ್ದಲ್ಲಿ ಎರಡು ಬೆರಳು ತೂರಿಸಿ ಗಾಳಕ್ಕೆ ಹುಳು ತೆಗೆಯುವನು. ಕೆರೆಯ ಹಿಂದಿನ ಕುರುಚಲು ಕಾಡಿನಿಂದ ತೊಗಟೆ ತಂದು, ಹಳೇ ಎಣ್ಣೆ ಡ್ರಮ್ಮಿನಲ್ಲಿ ಕುದಿಸಿ, ಆ ಕೆಂಪು ಕಷಾಯದಲ್ಲಿ ಬಲೆ ಅದ್ದುವನು. ಹಾಗೆ ಮಾಡಿದರೆ ನೂಲು ಬೇಗ ಕೊಳೆಯುವುದಿಲ್ಲ. ಕಾಡಿನಲ್ಲಿ ಹಾವಿಗೆ ಹೆದರಿ ನಾನು ಹಿಂದುಳಿದರೆ, "ಮುಂದೆ ನಡಿ. ಮುಂದಿನವರು ತುಳೀತಾರೆ, ಅದು ಹಿಂದಿನವರನ್ನ ಕಚ್ಚುತ್ತೆ" ಎನ್ನುವನು. ಅಂದಿನಿಂದ ಇಂದಿನವರೆಗೆ ನಾನು ಯಾರ ಹಿಂದೆಯೂ ನಡೆದಿಲ್ಲ.

ಊಟಕ್ಕೆ ಕೂತಾಗ ಮಾತ್ರ ಅವನ ಬಾಯಿ ಬಿಚ್ಚುತ್ತಿತ್ತು. ಉಪ್ಪು ಚಿಟಿಕೆ ಜಾಸ್ತಿ, ಹುಳಿ ನಿನ್ನೆಯದು, ಒಗ್ಗರಣೆ ಅವಸರದ್ದು. "ಇವರ ನಾಲಿಗೆ ಊರಿಗೆ ಉಪಕಾರ, ನನಗೆ ಉಪದ್ರವ" ಎಂದು ಅತ್ತೆ ಬಡಿಸುತ್ತಲೇ ಗೊಣಗುವಳು.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದ ವರ್ಷ ಮಾವನಿಗೆ ಹತ್ತು ದಿನ ಜ್ವರ ಬಂದು ಹೋಯಿತು. ಆಮೇಲೆ ಅವನು ಊಟದ ಬಗ್ಗೆ ಚಕಾರ ಎತ್ತಲಿಲ್ಲ. ಕೊನೆಗೂ ಬುದ್ಧಿ ಬಂತೆಂದು ಅತ್ತೆ ಖುಷಿಯಾಗಿದ್ದಳು. ಮೊದಲ ಮಳೆ ಬಿದ್ದ ವಾರ ಒಂದು ಮಧ್ಯಾಹ್ನ, ಅವಳು ಉಪ್ಪು ಸವರಿಟ್ಟಿದ್ದ ಮೀನಿಗೆ ನಾನು ಸಹಾಯ ಮಾಡುವ ಹುಮ್ಮಸ್ಸಿನಲ್ಲಿ ಇನ್ನೊಂದು ಸುತ್ತು ಉಪ್ಪು ಸವರಿದೆ. ಹುರಿದ ತುಂಡು ಬಾಯಿಗಿಟ್ಟರೆ ಕಣ್ಣಲ್ಲಿ ನೀರು. ಮಾವ ಮೂರು ತುಂಡು ತಿಂದು, ನಾಲ್ಕನೆಯದನ್ನು ಬೆಕ್ಕಿಗಿಟ್ಟು, ಸುಮ್ಮನೆ ಕೈ ತೊಳೆಯಲು ಎದ್ದ. ಬೆಕ್ಕು ಮೂಸಿ ನೋಡಿ ಹೊರಟುಹೋಯಿತು.

ಅತ್ತೆ ಬೆಕ್ಕನ್ನು ನೋಡಿದಳು, ಮಾವನ ಬೆನ್ನು ನೋಡಿದಳು. "ಯಾರ ಹತ್ರಾನೂ ಬಾಯಿ ಬಿಡಬೇಡ" ಎಂದು ನನಗೆ ಪಿಸುಗುಟ್ಟಿದಳು.

ಅದೇ ಸಂಜೆ ಮಾವ ದೋಣಿಯಿಂದಿಳಿದು, "ಸಪ್ಪೆ. ನಾಳೆ ಕಡೀಬಹುದು" ಎಂದು ಸಾರಿಬಿಟ್ಟ.

"ಮೂರೂ ಕಡೆನಾ?" ಅತ್ತೆ ಕೇಳಿದಳು.

"ಮೂರೂ ಕಡೆ."

"ಇನ್ನೊಂದು ಸಲ ನೋಡಬಾರದಾ?"

"ನನ್ನ ಕೆಲಸ ನನಗೆ ಗೊತ್ತು."

ಬೆಳಿಗ್ಗೆ ದಿಬ್ಬದ ಮೇಲೆ ಇಡೀ ಊರು ಗುದ್ದಲಿ ಹಿಡಿದು ನಿಂತಿತ್ತು. ದೋಣಿ ಮಾಡುವ ಬಡಗಿಗೆ ಮಾತ್ರ ಅನುಮಾನ. "ಏನು ಬಾಯಣ್ಣ, ಮಳೆ ಬಿದ್ದು ಎಂಟು ದಿನ ಆಗಿಲ್ಲ, ಆಗಲೇ ಸಪ್ಪೇನಾ?"

"ಹೂಂ" ಎಂದ ಮಾವ.

ಬಡಗಿ ಗುದ್ದಲಿ ಎತ್ತಿದ. ಅಷ್ಟರಲ್ಲಿ ಅತ್ತೆ ಚಪ್ಪಲಿ ಬಿಟ್ಟು ಕೆರೆಯ ಕಡೆ ಮೊಣಕಾಲುದ್ದ ನೀರಿಗಿಳಿದಳು. ಅಂಗೈಯಲ್ಲಿ ನೀರೆತ್ತಿ ಬಾಯಿಗೆ ಹಾಕಿದಳು. ಉಗಿದಳು.

"ಉಪ್ಪಿದೆ."

ಗಂಡಸರು ನಕ್ಕರು. "ಅತ್ತಿಗೆ, ಇದು ಅಡುಗೆಮನೆ ಅಂದ್ಕೊಂಡ್ರಾ?" ಎಂದ ಬಡಗಿ.

"ಅಲ್ಲಿ ಉಪ್ಪು ಹಾಕೋಳು ನಾನು. ಇಲ್ಲಿ ಹಾಕಿದ್ದು ನಾನಲ್ಲ. ಅನುಮಾನ ಇದ್ರೆ ನೀವೇ ಕುಡೀರಿ."

ಬಡಗಿ ಕುಡಿದು ನೋಡಿ ತಲೆ ಕೆರೆದುಕೊಂಡ. "ನನ್ನ ಬಾಯಿಗೆ ಹೊಗೆಸೊಪ್ಪು ಬಿಟ್ಟು ಏನೂ ಗೊತ್ತಾಗಲ್ಲಪ್ಪ."

ಎಲ್ಲರೂ ಮಾವನ ಕಡೆ ತಿರುಗಿದರು. ಅವಳಿಗೇನು ಗೊತ್ತು ಎಂದು ಅವನು ಒಂದು ಮಾತು ಹೇಳಿದ್ದರೆ ಸಾಕಿತ್ತು, ಗುದ್ದಲಿಗಳು ಇಳಿಯುತ್ತಿದ್ದವು. ಅವನು ಅತ್ತೆಯ ಒದ್ದೆ ಕೈಯನ್ನು ನೋಡಿದ.

"ಅವಳು ಹೇಳಿದ್ದೇ ಸರಿ. ಜ್ವರ ಬಂದಾಗಿಂದ ನನಗೆ ಯಾವ ರುಚೀನೂ ಗೊತ್ತಾಗ್ತಿಲ್ಲ."

ಒಂದು ದಿನದ ಮಾತಿನ ಪಡಿತರವನ್ನು ಒಂದೇ ಉಸಿರಿಗೆ ಖರ್ಚು ಮಾಡಿದ್ದ.

"ಹಾಗಾದ್ರೆ ನಿನ್ನೆ ಮೂರು ಕಡೆ ಉಗಿದಿದ್ದೇನು ಮಾರಾಯ?" ಎಂದ ಬಡಗಿ.

"ನೀರು."

ಮೊದಲು ನಕ್ಕಿದ್ದು ಅತ್ತೆ. ಆಮೇಲೆ ಎಲ್ಲರೂ ಗುದ್ದಲಿ ಹೆಗಲಿಗೇರಿಸಿ ಮನೆಗೆ ನಡೆದರು.

ಹದಿನಾರು ದಿನಗಳ ನಂತರ ಅತ್ತೆ ಸಪ್ಪೆ ಎಂದಳು. ದಿಬ್ಬ ಕಡಿದರು. ಬೆರಳುದ್ದದ ಸಿಗಡಿ ಬಲೆ ತುಂಬ ಬಂತು. ಅಂದಿನಿಂದ ಪ್ರತಿ ಮಳೆಗೆ ದೋಣಿಯಲ್ಲಿ ಇಬ್ಬರು: ಹುಟ್ಟು ಹಾಕುವವನು ಮಾವ, ರುಚಿ ನೋಡುವವಳು ಅತ್ತೆ. "ಇಪ್ಪತ್ತು ವರ್ಷ ಇವರ ನಾಲಿಗೆಗೆ ಅಡುಗೆ ಮಾಡಿದ್ದೀನಿ, ನನ್ನದು ಚೂಪಾಗದೆ ಇರುತ್ತಾ?" ಎನ್ನುತ್ತಿದ್ದಳು. ಊರು ಮಾತ್ರ ಅವನನ್ನೇ ಬಾಯಣ್ಣ ಎನ್ನುತ್ತಿತ್ತು, ತೀರ್ಪು ಕೇಳುವುದು ಅವಳನ್ನು.

ನಾಲ್ಕು ವರ್ಷದ ಮೇಲೆ, ಮಳೆ ಹಿಡಿದ ಒಂದು ಮಧ್ಯಾಹ್ನ, ಊಟದ ನಡುವೆ ಮಾವ ಇದ್ದಕ್ಕಿದ್ದಂತೆ, "ಉಪ್ಪು ಚಿಟಿಕೆ ಜಾಸ್ತಿ" ಎಂದ.

ಅತ್ತೆಯ ಸೌಟು ನಿಂತಿತು. "ಏನಂದ್ರಿ?"

"ಏನಿಲ್ಲ. ಚೆನ್ನಾಗಿದೆ ಅಂದೆ."

ಅವಳು ಇನ್ನೊಂದು ಸೌಟು ಬಡಿಸಿದಳು. ಅವನು ತಟ್ಟೆ ಖಾಲಿ ಮಾಡಿ, ಹೊರಗೆ ಹೋಗಿ, ದೋಣಿಯಲ್ಲಿ ನಿಂತಿದ್ದ ಮಳೆನೀರನ್ನು ಡಬ್ಬಿಯಿಂದ ಮೊಗೆದು ಹಾಕಿ, ಹುಟ್ಟು ಹಿಡಿದು ಕೂತ. ಅತ್ತೆ ಪಾತ್ರೆ ತೊಳೆದಿಟ್ಟು ಬರುವವರೆಗೆ ಕೂತೇ ಇದ್ದ.