ನಾಲ್ಕು ಬಳೆ, ಒಂದೇ ಹೂವು

ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಕಪ್ಪು ಭೂತಗನ್ನಡಿಯೊಂದು ನನ್ನ ಮೇಜಿನ ಡ್ರಾಯರಿನಲ್ಲಿ ಗುಂಡುಪಿನ್ನುಗಳ ಜೊತೆ ಇಂದಿಗೂ ಬಿದ್ದಿದೆ. ಎಪ್ಪತ್ತರ ದಶಕದಲ್ಲಿ ತುಮಕೂರಿನ ಕಚೇರಿಯೊಂದರ ಗುಮಾಸ್ತನಾಗಿದ್ದ ನನಗೆ ಇದು ತಂದುಕೊಟ್ಟ ಗೌರವವನ್ನು ನೌಕರಿ ಎಂದೂ ತಂದುಕೊಡಲಿಲ್ಲ. ಒಡವೆಯ ಒಳಮೈಯಲ್ಲಿ ಅಕ್ಕಸಾಲಿಗರು ಒತ್ತಿದ ಸಾಸಿವೆ ಗಾತ್ರದ ಮುದ್ರೆ ನೋಡಿ ಅದರ ವಯಸ್ಸು ಹೇಳುವ ವಿದ್ಯೆಯನ್ನು ನನಗೆ ನಾನೇ ಕಲಿಸಿಕೊಂಡಿದ್ದೆ: ಬರೀ ಹೂವಿದ್ದರೆ ಅಜ್ಜಿಯ ಕಾಲ, ಕನ್ನಡದ ಅಕ್ಷರವಿದ್ದರೆ ಅಪ್ಪನ ಮದುವೆಯ ಆಸುಪಾಸು, ಇಂಗ್ಲಿಷ್ ಅಕ್ಷರವೂ ಕ್ಯಾರೆಟ್ಟಿನ ಅಂಕಿಯೂ ಇದ್ದರೆ ಗಾಜಿನ ಬೀರುವಿನ ಅಂಗಡಿಗಳು ಬಂದ ಮೇಲಿನದು. ಈ ಶಾಸ್ತ್ರಕ್ಕೆ ಆಧಾರವೇನೆಂದು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ಅಜ್ಜಿ ತೀರಿಕೊಂಡಾಗ ಆಕೆಯ ಜೋಡಿ ಬಳೆಯನ್ನು ಇಬ್ಬರು ಹೆಣ್ಣುಮಕ್ಕಳು, ಅಂದರೆ ನನ್ನ ಅಮ್ಮ ಮತ್ತು ಗುಬ್ಬಿಯ ದೊಡ್ಡಮ್ಮ, ಒಂದೊಂದು ಹಂಚಿಕೊಂಡಿದ್ದರು. ಎರಡು ಬಳೆಗಳಲ್ಲೂ ಒಂದು ದಳ ಮುರಿದ ಹೂವಿನ ಮುದ್ರೆ, ಅಂಚಿನಲ್ಲಿ ಪುಟ್ಟ ಹಲ್ಲುಗಳ ತಗ್ಗು. ಕೂಸಾಗಿದ್ದಾಗ ಅಕ್ಕ ಅಜ್ಜಿಯ ಒಂದು ಕೈಯ ಬಳೆಯನ್ನು ಕಚ್ಚಿದರೆ, ತಂಗಿ ಇನ್ನೊಂದನ್ನು ಕಚ್ಚಿ ಲೆಕ್ಕ ಸರಿಮಾಡಿದ್ದಳಂತೆ. ಒಂಟಿ ಬಳೆ ತೊಡಬಾರದೆಂದು ಇಬ್ಬರೂ ಬೇರೆ ಬೇರೆ ವರ್ಷಗಳಲ್ಲಿ ಕುಣಿಗಲ್ಲಿನ ಒಬ್ಬರೇ ಆಚಾರಿಯ ಬಳಿ ಹೋಗಿ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಜೊತೆ ಮಾಡಿಸಿಕೊಂಡರು. ಬಲಗೈಯದು ಅಜ್ಜಿಯದು, ಎಡಗೈಯದು ಹೊಸದು. ಇದಿಷ್ಟೇ ಗುರುತು.

ಗುಬ್ಬಿಯಲ್ಲಿ ದೊಡ್ಡಮ್ಮನ ಮೊಮ್ಮಗುವಿನ ನಾಮಕರಣದ ದಿನ ಇಬ್ಬರೂ ಬಳೆ ಕಳಚಿ ಒಂದೇ ಬೋಗುಣಿಯ ಅಂಟುವಾಳದ ನೀರಿಗೆ ಹಾಕಿಬಿಟ್ಟರು. ತೊಳೆದು ತೆಗೆದರೆ ನಾಲ್ಕು ಬಳೆಗಳು ಥಳಥಳ ಹೊಳೆಯುತ್ತಿವೆ, ಅಜ್ಜಿಯವು ಯಾವುವೆಂದು ಇಬ್ಬರಿಗೂ ತಿಳಿಯದು. ಅಮ್ಮನ ಕಣ್ಣಲ್ಲಿ ನೀರು ತುಂಬಿತು. ಅಜ್ಜಿಯದೆಂದು ಅವಳ ಬಳಿ ಉಳಿದಿದ್ದುದು ಅದೊಂದೇ. "ಅಳ್ಬೇಡ ಕಣೇ, ನಿನ್ ಮಗ ಇದಾನಲ್ಲ, ಭಾರಿ ಪಂಡಿತ," ಎಂದು ದೊಡ್ಡಮ್ಮ ನನ್ನನ್ನು ಮುಂದಕ್ಕೆ ನೂಕಿದಳು.

ಕನ್ನಡಿ ಸಿಕ್ಕಿಸಿ ನೋಡಿದೆ. ನಾಲ್ಕರಲ್ಲೂ ಹೂವು, ನಾಲ್ಕರಲ್ಲೂ ಅದೇ ದಳ ಮುರಿದಿದೆ, ನಾಲ್ಕರಲ್ಲೂ ಹಲ್ಲಿನ ತಗ್ಗು. ನನ್ನ ಶಾಸ್ತ್ರದ ಪ್ರಕಾರ ನಾಲ್ಕೂ ಅಜ್ಜಿಯವೇ! ಸ್ನೇಹಿತರೇ, ಪಾಂಡಿತ್ಯ ಕೈಕೊಟ್ಟ ಗಳಿಗೆಯಲ್ಲಿ ಮನುಷ್ಯ ಯಾವ ಮೂರ್ಖತನಕ್ಕೂ ಸಿದ್ಧನಾಗುತ್ತಾನೆ. ಕಚ್ಚಿ ನೋಡಿ, ಹಲ್ಲು ಹೊಂದಿದರೆ ಗೊತ್ತಾದೀತು ಎಂದೆ. ಐವತ್ತು ದಾಟಿದ ಇಬ್ಬರು ಗೃಹಿಣಿಯರು, ಎಲೆ ಹಾಕಿ ಕಾಯುತ್ತಿದ್ದ ನೆಂಟರ ಮುಂದೆ, ಬಳೆಗಳನ್ನು ಕಬ್ಬಿನಂತೆ ಕಚ್ಚಿದರು. ದೊಡ್ಡಮ್ಮನ ಹಲ್ಲಿನ ಸೆಟ್ಟು ಬಳೆಯ ಜೊತೆಗೇ ಹೊರಬಂದಾಗ ಪ್ರಯೋಗ ನಿಂತಿತು.

ಮರುದಿನ ಮೂವರೂ ಬಸ್ಸು ಹತ್ತಿ ಕುಣಿಗಲ್ಲಿಗೆ ಹೋದೆವು. ಮುದುಕರಾಗಿದ್ದ ಆಚಾರಿ ನಾಲ್ಕನ್ನೂ ಅಂಗೈಯಲ್ಲಿ ಹೊರಳಿಸಿದರು.

"ಕೂದಲಷ್ಟೂ ವ್ಯತ್ಯಾಸ ಇರ್ಬಾರ್ದು ಅಂದ್ರಲ್ಲಮ್ಮ, ಅದ್ಕೇ ಹಳೇದ್ನೂ ಕರಗಿಸ್ಬುಟ್ಟೆ. ಹೊಸ ಚಿನ್ನಕ್ಕೆ ಬೆರೆಸಿ ಎರಡೆರಡು ಎರಕ ಹೊಯ್ದೆ. ಇಲ್ದಿದ್ರೆ ಬಣ್ಣ ಕೂಡಲ್ಲ. ಹೂವೂ ನಂದೇ, ಹಲ್ಲೂ ನಂದೇ."

"ಹಂಗಾದ್ರೆ ನಮ್ಮಮ್ಮನ ಬಳೆ ಎಲ್ಲೋಯ್ತು?" ದೊಡ್ಡಮ್ಮ ಕೂಗಿದಳು.

"ಎಲ್ಲೋದಾತು? ನಾಲ್ಕರಾಗೂ ಅರ್ಧರ್ಧ ನಿಮ್ಮಮ್ಮನೇ ಇದಾರಲ್ಲ."

ಬೈಯಬೇಕೋ ಕೈಮುಗಿಯಬೇಕೋ ನಮಗೆ ತಿಳಿಯಲಿಲ್ಲ. ಅಕ್ಕತಂಗಿಯರು ನಾಲ್ಕನ್ನೂ ಅಂಗಡಿಯ ಕಟ್ಟೆಯ ಮೇಲಿಟ್ಟರು. ಆಮೇಲೆ ಕಣ್ಣುಮುಚ್ಚಿ ಎರಡೆರಡು ಬಳೆ ಎತ್ತಿಕೊಂಡರು. ದೊಡ್ಡಮ್ಮ ಗುಬ್ಬಿಯ ಬಸ್ಸು ಹತ್ತುವವರೆಗೂ ಆಚಾರಿಯನ್ನು ಬೈಯುತ್ತಲೇ ಇದ್ದಳು, ಬಳೆಯನ್ನು ಮಾತ್ರ ಸೆರಗಿನಿಂದ ಒರೆಸುತ್ತಲೇ ಇದ್ದಳು.

ಅಲ್ಲಿಗೆ ನನ್ನ ಶಾಸ್ತ್ರ ಮುಗಿಯಿತು. ಮುದ್ರೆ ಹೇಳಿದ ವಯಸ್ಸನ್ನು ನಂಬಿ ಯಾರ್ಯಾರ ಡಾಬು ಮೂಗುತಿಗಳಿಗೆ ಏನೇನು ಜಾತಕ ಬರೆದಿದ್ದೆನೋ ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಕನ್ನಡಿಯನ್ನು ಡ್ರಾಯರಿಗೆ ಹಾಕಿದವನು ಮತ್ತೆ ತೆಗೆದದ್ದು ಒಂದೇ ಸಲ, ಅಮ್ಮ ಹಾಸಿಗೆ ಹಿಡಿದಿದ್ದಾಗ. ಕುಣಿಗಲ್ಲಿನ ಸಂಗತಿ ಅವಳ ನೆನಪಿನಿಂದ ಅಳಿಸಿಹೋಗಿತ್ತು. ಸಡಿಲವಾದ ಬಳೆಯನ್ನು ಬಲಗೈಯಲ್ಲಿ ತಿರುಗಿಸುತ್ತ, "ನೋಡೋ, ನಾನು ಕಚ್ಚಿದ್ದು ಇಲ್ಲೇ ಇದ್ಯಾ?" ಎಂದಳು. ನಾನು ಕಣ್ಣಿಗೆ ಕನ್ನಡಿ ಸಿಕ್ಕಿಸಿ, ಆಚಾರಿ ಕೊರೆದ ತಗ್ಗನ್ನು ಬಹಳ ಹೊತ್ತು ಪರೀಕ್ಷಿಸಿ ಹೇಳಿದೆ:

"ಇದೆ ಕಣಮ್ಮ. ನಿಂದೇ ಹಲ್ಲು."